ಸುದ್ದಿಮನೆಯ ಪಕ್ಕದ ಕೋಣೆ

1908ರ ಸೆಪ್ಟೆಂಬರ್ 14ರಂದು ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಪುಟ್ಟ ಊರಿನಲ್ಲಿ ಪತ್ರಿಕೋದ್ಯಮ ಶಾಲೆಯೊಂದು ಬಾಗಿಲು ತೆರೆಯಿತು. ಮಿಸೌರಿ ವಿಶ್ವವಿದ್ಯಾಲಯದ ಆ ಶಾಲೆಯಲ್ಲಿ ಪಾಠ ಶುರುವಾದ ದಿನವೇ ವಿದ್ಯಾರ್ಥಿಗಳು ಒಂದು ದಿನಪತ್ರಿಕೆಯನ್ನೂ ಹೊರತಂದರು. ಹೆಸರು ‘ಯೂನಿವರ್ಸಿಟಿ ಮಿಸೌರಿಯನ್’. ಅದು ಕಾಲೇಜಿನ ಒಳಗಷ್ಟೇ ಹಂಚುವ ಪತ್ರಿಕೆಯಾಗಿರಲಿಲ್ಲ. ಊರಿನ ಸುದ್ದಿ ಬರೆದು ಊರಿನವರಿಗೇ ಮಾರುವ, ಊರಿನ ಇನ್ನೊಂದು ಪತ್ರಿಕೆಯ ಜೊತೆ ಪೈಪೋಟಿಗಿಳಿಯುವ ಪತ್ರಿಕೆ. ಈಗ ಅದರ ಹೆಸರು ‘ಕೊಲಂಬಿಯಾ ಮಿಸೌರಿಯನ್’. ಜಗತ್ತಿನ ಮೊದಲ ಪತ್ರಿಕೋದ್ಯಮ ಶಾಲೆ ತಮ್ಮದು ಎಂದು ಮಿಸೌರಿಯವರು ಹೇಳಿಕೊಳ್ಳುತ್ತಾರೆ. ಪ್ಯಾರಿಸ್ಸಿನವರು ಇದನ್ನು ಒಪ್ಪುವುದಿಲ್ಲ. ಅವರ ಶಾಲೆ ಹುಟ್ಟಿದ್ದು 1899ರಲ್ಲಿ. ಆ ಜಗಳ ಅವರಿಗೇ ಇರಲಿ. ಇಂದು ಪತ್ರಿಕೋದ್ಯಮವನ್ನೂ ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಎಂಬ ಹೊಸ ಹೆಸರಿನ ವಿಷಯವನ್ನೂ ಒಂದೇ ಸೂರಿನಡಿ ಕಲಿಸುವ ವಿಶ್ವವಿದ್ಯಾಲಯಗಳು ಎಷ್ಟೋ ಇವೆ. ಹಾಗೆ ಕಲಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ ಮಿಸೌರಿಯಷ್ಟು ಹಳೆಯ, ಅಷ್ಟೇ ತುಂಬಿದ ಉದಾಹರಣೆ ಬೇರೆ ಸಿಗುವುದು ಕಷ್ಟ.

ಶಾಲೆಯ ಮೊದಲ ಡೀನ್ ವಾಲ್ಟರ್ ವಿಲಿಯಮ್ಸ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1864ರಲ್ಲಿ ಬೂನ್‌ವಿಲ್ ಎಂಬಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಅಚ್ಚುಮನೆಯ ಕೆಲಸಕ್ಕೆ ಸೇರಿ, ಮೊಳೆ ಜೋಡಿಸುತ್ತ ಸಂಪಾದಕನಾದವನು. ವರದಿಗಾರ ತಯಾರಾಗುವುದು ಸುದ್ದಿಮನೆಯಲ್ಲೇ ಹೊರತು ಪಾಠದ ಕೋಣೆಯಲ್ಲಲ್ಲ ಎಂದು ಅಂದಿನ ಪತ್ರಿಕೆಗಳ ಒಡೆಯರು ಗಟ್ಟಿಯಾಗಿ ನಂಬಿದ್ದರು. ವಿಲಿಯಮ್ಸ್ ಅವರ ಮಾತನ್ನು ಅಲ್ಲಗಳೆಯಲಿಲ್ಲ. ಸುದ್ದಿಮನೆಯನ್ನೇ ತಂದು ವಿಶ್ವವಿದ್ಯಾಲಯದೊಳಗೆ ಇಟ್ಟ. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಇರುವ ಹಾಗೆ ಪತ್ರಿಕೋದ್ಯಮದ ಶಾಲೆಗೆ ಪತ್ರಿಕೆ. ಈ ಕ್ರಮಕ್ಕೆ ‘ಮಿಸೌರಿ ಮೆಥಡ್’ ಎಂಬ ಹೆಸರು ಅಂಟಿಕೊಂಡಿದೆ. ಪದವಿಯೇ ಇಲ್ಲದ ಈ ಮನುಷ್ಯ ಮುಂದೆ 1931ರಲ್ಲಿ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷನಾದ.

ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಇನ್ನೊಂದು ಕನಸು ಕುದಿಯುತ್ತಿತ್ತು. ಪತ್ರಿಕಾ ಸಾಮ್ರಾಜ್ಯ ಕಟ್ಟಿದ ಜೋಸೆಫ್ ಪುಲಿಟ್ಜರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹಣ ಕೊಟ್ಟು ಪತ್ರಿಕೋದ್ಯಮ ಕಾಲೇಜು ಕಟ್ಟಿಸಲು ಹೊರಟಿದ್ದ. (ಮಿಸೌರಿಯ ಊರಿನ ಹೆಸರೂ ಕೊಲಂಬಿಯಾ, ನ್ಯೂಯಾರ್ಕಿನ ವಿಶ್ವವಿದ್ಯಾಲಯದ ಹೆಸರೂ ಕೊಲಂಬಿಯಾ. ಇದರಿಂದ ಹುಟ್ಟಿದ ಗೊಂದಲ ನೂರು ವರ್ಷ ಕಳೆದರೂ ತೀರಿಲ್ಲ.) ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಇಂಥ ಕಾಲೇಜಿನಲ್ಲಿ ಪತ್ರಿಕೆಯ ಆಡಳಿತ, ಜಾಹೀರಾತು, ಪ್ರಸರಣ ಎಲ್ಲವನ್ನೂ ಕಲಿಸಬೇಕು ಎಂದು ಸಲಹೆ ಕೊಟ್ಟ. ಪುಲಿಟ್ಜರ್‌ಗೆ ಅದು ಸುತರಾಂ ಹಿಡಿಸಲಿಲ್ಲ. ವ್ಯಾಪಾರದ ಪಾಠ ತನ್ನ ಕಾಲೇಜಿನ ಹೊಸ್ತಿಲು ದಾಟಕೂಡದು ಎಂದು 1904ರಲ್ಲಿ ಉದ್ದನೆಯ ಲೇಖನವನ್ನೇ ಬರೆದ. ಅವನು ತೀರಿಕೊಂಡದ್ದು 1911ರಲ್ಲಿ, ಕಾಲೇಜು ಶುರುವಾದದ್ದು ಮರುವರ್ಷ. ಆ ಗೋಡೆ ಇಂದಿಗೂ ನಿಂತಿದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಸ್ನಾತಕೋತ್ತರ ಪದವಿ ಇದೆ, ಆದರೆ ಪುಲಿಟ್ಜರನ ಶಾಲೆಯಲ್ಲಿ ಅಲ್ಲ; ವೃತ್ತಿಪರ ಅಧ್ಯಯನಗಳ ಬೇರೆಯದೇ ಶಾಲೆಯಲ್ಲಿ.

ಪುಲಿಟ್ಜರನಂಥ ಶ್ರೀಮಂತ ಮಿಸೌರಿಯ ಬೆನ್ನಿಗಿರಲಿಲ್ಲ. ಪತ್ರಿಕೆ ನಡೆಯಬೇಕಾದರೆ ಚಂದಾ ಬೇಕು, ಜಾಹೀರಾತು ಬೇಕು. ಹೀಗಾಗಿ ವರದಿ ಬರೆಯುವ ವಿದ್ಯಾರ್ಥಿಗಳ ಪಕ್ಕದಲ್ಲೇ ಜಾಹೀರಾತು ಕಲಿಯುವ ವಿದ್ಯಾರ್ಥಿಗಳೂ ಬಂದು ಕೂತರು. ಜಾಹೀರಾತು ಕ್ಷೇತ್ರದ ವಿದ್ಯಾರ್ಥಿಗಳ ಸಂಘ ‘ಆಲ್ಫಾ ಡೆಲ್ಟಾ ಸಿಗ್ಮಾ’ 1913ರಲ್ಲಿ ಹುಟ್ಟಿದ್ದು ಇಲ್ಲೇ. ವಿಲಿಯಮ್ಸ್ ಬರೆದ ಪತ್ರಕರ್ತರ ಪ್ರತಿಜ್ಞೆಯನ್ನು ಕಂಚಿನ ಫಲಕದಲ್ಲಿ ಕೆತ್ತಿಸಿ ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನ ಗೋಡೆಗೆ ಹಾಕಿದ್ದಾರೆ. ಪತ್ರಿಕೆ ಎಂಬುದು ಜನರು ನಂಬಿ ಒಪ್ಪಿಸಿದ ಸೊತ್ತು ಎಂಬ ಅದರ ಮಾತನ್ನು ಎಲ್ಲರೂ ನೆನೆಯುತ್ತಾರೆ. ಅದರಲ್ಲೇ ಸುದ್ದಿ, ಸಂಪಾದಕೀಯ, ಜಾಹೀರಾತು ಮೂರಕ್ಕೂ ಸತ್ಯದ ಅಳತೆಗೋಲು ಒಂದೇ ಎಂಬರ್ಥದ ಮಾತೂ ಇದೆ. ಅದನ್ನು ನೆನೆಯುವವರು ಕಡಿಮೆ. ಪುಲಿಟ್ಜರ್ ಹೊರಗೆ ನಿಲ್ಲಿಸಿದ ಜಾಹೀರಾತನ್ನು ವಿಲಿಯಮ್ಸ್ ಒಳಗೆ ಕರೆದು ಕೂರಿಸಿ, ಸುದ್ದಿಯ ಶಿಸ್ತನ್ನೇ ಅದಕ್ಕೂ ಹಾಕಲು ನೋಡಿದ. ಇಬ್ಬರಲ್ಲಿ ಯಾರು ಸರಿ?

ಮಿಸೌರಿ ಶಾಲೆಯ ಮೊದಲ ಅಧ್ಯಾಪಕರಲ್ಲಿ ಒಬ್ಬನಾದ ಚಾರ್ಲ್ಸ್ ರಾಸ್‌ನ ಬದುಕು ಈ ಪ್ರಶ್ನೆಯ ಎರಡೂ ಬದಿಯನ್ನು ತೋರಿಸುತ್ತದೆ. 1911ರಲ್ಲಿ ಸುದ್ದಿ ಬರವಣಿಗೆಯ ಪಠ್ಯಪುಸ್ತಕ ಬರೆದ ರಾಸ್, ಹತ್ತು ವರ್ಷ ಪಾಠ ಹೇಳಿ, ಬಳಿಕ ‘ಸೇಂಟ್ ಲೂಯಿಸ್ ಪೋಸ್ಟ್ ಡಿಸ್ಪ್ಯಾಚ್’ ಸೇರಿದ. ಪುಲಿಟ್ಜರ್ ಕುಟುಂಬದ್ದೇ ಪತ್ರಿಕೆ ಅದು. ಆರ್ಥಿಕ ಕುಸಿತದ ದಿನಗಳಲ್ಲಿ ದೇಶದ ಸ್ಥಿತಿಗತಿಯ ಬಗ್ಗೆ ಬರೆದ ಲೇಖನಕ್ಕೆ 1932ರಲ್ಲಿ ಅವನಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. 1945ರಲ್ಲಿ ಹ್ಯಾರಿ ಟ್ರೂಮನ್ ಅನಿರೀಕ್ಷಿತವಾಗಿ ಅಮೆರಿಕದ ಅಧ್ಯಕ್ಷನಾದಾಗ ತನ್ನ ಹೈಸ್ಕೂಲ್ ಸಹಪಾಠಿ ರಾಸ್‌ನನ್ನೇ ಪತ್ರಿಕಾ ಕಾರ್ಯದರ್ಶಿಯಾಗಿ ಕರೆಸಿಕೊಂಡ. ಜೀವಮಾನವಿಡೀ ಪ್ರಶ್ನೆ ಕೇಳಿದವನು ಅಂದಿನಿಂದ ಉತ್ತರ ಕೊಡುವವನಾದ.

1950ರ ನವೆಂಬರ್ ಕೊನೆಯಲ್ಲಿ, ಕೊರಿಯಾ ಯುದ್ಧದ ನಡುವೆ, ಅಣುಬಾಂಬ್ ಬಳಕೆಯ ಬಗ್ಗೆ ಟ್ರೂಮನ್ ಪತ್ರಿಕಾಗೋಷ್ಠಿಯಲ್ಲಿ ಆಡಿದ ಮಾತು ಜಗತ್ತನ್ನೇ ಬೆಚ್ಚಿಬೀಳಿಸಿತು. ಅದಕ್ಕೆ ಸ್ಪಷ್ಟೀಕರಣ ಕೊಟ್ಟು ಬೆಂಕಿ ಆರಿಸುವ ಕೆಲಸ ರಾಸ್ ಕಚೇರಿಯ ಪಾಲಿಗೆ ಬಂತು. ಐದೇ ದಿನಗಳಲ್ಲಿ, ಡಿಸೆಂಬರ್ 5ರಂದು, ಪತ್ರಕರ್ತರಿಗೆ ವಿವರ ಕೊಟ್ಟು ಮುಗಿಸಿದ ರಾಸ್ ತನ್ನ ಮೇಜಿನ ಬಳಿಯೇ ಕುಸಿದು ತೀರಿಕೊಂಡ. ಅದೇ ಸಂಜೆ ಟ್ರೂಮನ್‌ನ ಮಗಳು ಮಾರ್ಗರೆಟ್‌ಳ ಗಾಯನ ಕಛೇರಿ. ‘ವಾಷಿಂಗ್ಟನ್ ಪೋಸ್ಟ್’ನ ಸಂಗೀತ ವಿಮರ್ಶಕ ಪಾಲ್ ಹ್ಯೂಮ್ ಹಾಡಿನಲ್ಲಿ ಶ್ರುತಿ ಆಗಾಗ ಇಳಿಯುತ್ತಿತ್ತು ಎಂದು ಬರೆದ. ಬೆಳಿಗ್ಗೆ ಅದನ್ನು ಓದಿದ ಅಪ್ಪ, ಎದುರಿಗೆ ಸಿಕ್ಕರೆ ಮೂಗು ಮುರಿಯುತ್ತೇನೆ ಎಂಬ ಧಾಟಿಯಲ್ಲಿ ವಿಮರ್ಶಕನಿಗೆ ಪತ್ರ ಬರೆದು, ತಾನೇ ಸ್ಟಾಂಪ್ ಅಂಟಿಸಿ ಕಳಿಸಿಬಿಟ್ಟ. ಪತ್ರ ಇನ್ನೊಂದು ಪತ್ರಿಕೆಯ ಕೈಗೆ ಸಿಕ್ಕಿ ಊರೆಲ್ಲ ಸುದ್ದಿಯಾಯಿತು. ರಾಸ್ ಇದ್ದಿದ್ದರೆ ಆ ಪತ್ರ ಶ್ವೇತಭವನದ ಗೇಟು ದಾಟುತ್ತಿರಲಿಲ್ಲ ಎಂದು ಅಂದು ಬಹಳ ಮಂದಿ ಹೇಳಿದರು.

ಸ್ಟ್ರಾಟೆಜಿಕ್ ಕಮ್ಯುನಿಕೇಶನ್ ಎಂದರೇನು ಎಂದು ಮೊದಲ ವರ್ಷದ ವಿದ್ಯಾರ್ಥಿ ಕೇಳಿದರೆ ಈ ಕಥೆಯನ್ನೇ ಹೇಳಬಹುದು. ಒಂದು ಸಂಸ್ಥೆ ತನ್ನ ಗುರಿ ಮುಟ್ಟಲು ಯಾರೊಂದಿಗೆ, ಯಾವಾಗ, ಯಾವ ದಾರಿಯಲ್ಲಿ, ಏನನ್ನು ಮಾತಾಡಬೇಕು ಎಂದು ಯೋಚಿಸಿ ಮಾತಾಡುವುದು ಅದು. ಏನನ್ನು ಆಡಬಾರದು ಎಂಬುದೂ ಅದರೊಳಗೇ ಬರುತ್ತದೆ. ಜಾಹೀರಾತು, ಸಾರ್ವಜನಿಕ ಸಂಪರ್ಕ, ಬಿಕ್ಕಟ್ಟಿನ ವೇಳೆಯ ಸಂವಹನ, ಆರೋಗ್ಯ ಪ್ರಚಾರ, ಸೋಷಿಯಲ್ ಮೀಡಿಯಾ ಎಂದು ಮೊದಲು ಬಿಡಿಬಿಡಿಯಾಗಿದ್ದ ಪಾಠಗಳನ್ನು ಕಳೆದ ಎರಡು ಮೂರು ದಶಕಗಳಲ್ಲಿ ವಿಶ್ವವಿದ್ಯಾಲಯಗಳು ಈ ಹೆಸರಿನ ಕೆಳಗೆ ಒಟ್ಟುಮಾಡಿದವು.

ಈ ಕಸುಬನ್ನು ಕಟ್ಟಿದವರಲ್ಲಿ ಹಲವರು ಹಳೆಯ ವರದಿಗಾರರೇ. ನ್ಯೂಯಾರ್ಕಿನಲ್ಲಿ ವರದಿಗಾರನಾಗಿದ್ದ ಐವಿ ಲೀ 1906ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಗೆ ಕೆಲಸ ಮಾಡುತ್ತಿದ್ದ. ಅಟ್ಲಾಂಟಿಕ್ ಸಿಟಿಯ ಬಳಿ ರೈಲು ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವನ್ನು ಮುಚ್ಚಿಡುವುದೇ ರೈಲ್ವೆ ಕಂಪನಿಗಳ ರೂಢಿಯಾಗಿದ್ದ ಕಾಲ ಅದು. ಲೀ ಕಂಪನಿಯ ಪರವಾಗಿ ಹೇಳಿಕೆ ಬರೆದು ಪತ್ರಿಕೆಗಳಿಗೆ ಹಂಚಿಸಿದ. ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಇದ್ದಂತೆಯೇ ಅಚ್ಚು ಹಾಕಿತು. ಮೊದಲ ಪ್ರೆಸ್ ನೋಟ್ ಇದೇ ಎನ್ನುವವರಿದ್ದಾರೆ. ಆದರೆ ಇದೇ ಲೀ, 1914ರಲ್ಲಿ ಕೊಲರಾಡೊದ ಲಡ್ಲೋದಲ್ಲಿ ಗಣಿ ಕಾರ್ಮಿಕರೂ ಅವರ ಹೆಂಡತಿ ಮಕ್ಕಳೂ ಸತ್ತ ಬಳಿಕ, ಗಣಿ ಒಡೆಯರಾದ ರಾಕ್‌ಫೆಲರ್ ಕುಟುಂಬದ ಪರ ವಕಾಲತ್ತು ವಹಿಸಿ ಸುಳ್ಳು ಬೆರೆತ ಕರಪತ್ರಗಳನ್ನು ಹಂಚಿದ. ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಅವನಿಗೆ ‘ಪಾಯ್ಸನ್ ಐವಿ’ ಎಂದು ಅಡ್ಡಹೆಸರಿಟ್ಟ. ಎಂಟು ವರ್ಷಗಳ ಅಂತರದಲ್ಲಿ ಕೈ ಒಂದೇ, ಕೌಶಲವೂ ಒಂದೇ. ತಾನು ಯಾರಿಗೆ ಉತ್ತರ ಹೇಳಬೇಕು ಎಂದು ಅವನು ಅಂದುಕೊಂಡದ್ದರಲ್ಲಿ ಮಾತ್ರ ವ್ಯತ್ಯಾಸ.

ಇಂದಿನ ಮಿಸೌರಿ ಶಾಲೆಯಲ್ಲಿ ಎರಡು ಕಡೆಯ ದಿನಚರಿಯೂ ನೋಡುವಂಥದ್ದು. ಪತ್ರಿಕೋದ್ಯಮದ ಕಡೆ ಹೋದ ವಿದ್ಯಾರ್ಥಿಗೆ ಸುಮಾರು ಒಂದೂಕಾಲು ಲಕ್ಷ ಜನಸಂಖ್ಯೆಯ ಊರೇ ಪ್ರಯೋಗಶಾಲೆ. ನಗರಸಭೆ, ನ್ಯಾಯಾಲಯ, ಪೊಲೀಸ್ ಠಾಣೆ, ಶಾಲಾ ಮಂಡಳಿ ಎಂದು ಬೀಟ್ ಹಂಚುತ್ತಾರೆ. ಡೆಸ್ಕಿನಲ್ಲಿ ಕಾಪಿ ತಿದ್ದುವವರು ಅಧ್ಯಾಪಕರು. 1953ರಿಂದ ನಡೆಯುತ್ತಿರುವ ಕೆಒಎಂಯು ಟಿವಿ ಚಾನೆಲ್ ವಿಶ್ವವಿದ್ಯಾಲಯದ್ದೇ, ಆದರೆ ಎನ್‌ಬಿಸಿ ಜಾಲಕ್ಕೆ ಸೇರಿದ ವಾಣಿಜ್ಯ ವಾಹಿನಿ. ಕೆಬಿಐಎ ಎಂಬ ಸಾರ್ವಜನಿಕ ರೇಡಿಯೊ ಕೇಂದ್ರವೂ ಇದೆ. ಸುದ್ದಿಯಲ್ಲಿ ತಪ್ಪಾದರೆ ಅಂಕ ಕಡಿಮೆಯಾಗುವುದು ಒಂದು ಕಡೆ. ಮರುದಿನ ಅಂಗಡಿಯಲ್ಲಿ ಸಿಕ್ಕವರೇ ಕೇಳಿಬಿಡುತ್ತಾರೆ ಎಂಬುದು ಇನ್ನೊಂದು ಕಡೆ. ಮಿಸೌರಿಗೆ ‘ತೋರಿಸಿದರೆ ನಂಬುತ್ತೇವೆ’ ಎಂಬರ್ಥದ ‘ಶೋ ಮಿ ಸ್ಟೇಟ್’ ಎಂಬ ಅಡ್ಡಹೆಸರಿದೆ. ಇದನ್ನೇ ಹಿಡಿದು ಮಿಸೌರಿಯನ್ ಪತ್ರಿಕೆ, ತನ್ನ ತಪ್ಪು ಹುಡುಕಿಕೊಟ್ಟ ಓದುಗರಿಗೆ ಬಹುಮಾನ ಕೊಡುವ ‘ಶೋ ಮಿ ದಿ ಎರರ್ಸ್’ ಸ್ಪರ್ಧೆಯನ್ನೂ ನಡೆಸಿತು.

ಇನ್ನೊಂದು ಕಡೆಯ ಕೋಣೆಗಳಲ್ಲಿ ‘ಮೋಜೊ ಆ್ಯಡ್’, ‘ಆ್ಯಡ್‌ಝೂ’ ಎಂಬ ವಿದ್ಯಾರ್ಥಿಗಳೇ ನಡೆಸುವ ಏಜೆನ್ಸಿಗಳು. ಕೊನೆಯ ವರ್ಷದ ವಿದ್ಯಾರ್ಥಿಗಳ ತಂಡಕ್ಕೆ ನಿಜವಾದ ಕ್ಲೈಂಟ್ ಬರುತ್ತಾನೆ, ತನಗೇನು ಬೇಕು ಎಂಬ ಬ್ರೀಫ್ ಕೊಡುತ್ತಾನೆ. ಯಾರಿಗೆ ಹೇಳಬೇಕು, ಅವರು ಈಗ ಏನು ಅಂದುಕೊಂಡಿದ್ದಾರೆ ಎಂದು ಸಮೀಕ್ಷೆ, ಸಂದರ್ಶನ ಮಾಡಿ ತಿಳಿಯುವುದರಿಂದ ಕೆಲಸ ಶುರು. ಆಮೇಲೆ ಬಜೆಟ್, ಮೀಡಿಯಾ ಪ್ಲಾನ್, ಬರವಣಿಗೆ, ವಿನ್ಯಾಸ, ಕೊನೆಗೆ ಪಿಚ್. ಸೆಮಿಸ್ಟರ್ ಮುಗಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ: ಹೇಳಿದ್ದು ತಲುಪಿತೇ ಎಂದು ಅಳೆಯುವುದು. ಹೊರಗಿನವರು ಘೋಷವಾಕ್ಯ ಬರೆಯುವುದನ್ನೇ ಈ ವಿದ್ಯೆಯ ತಿರುಳು ಎಂದುಕೊಳ್ಳುತ್ತಾರೆ. ಅದಕ್ಕೆ ಹಿಡಿಯುವ ಹೊತ್ತು ಬಹಳ ಕಡಿಮೆ. ಹೆಚ್ಚು ಹೊತ್ತು ಹೋಗುವುದು ಜನರ ಮಾತು ಕೇಳಿಸಿಕೊಳ್ಳುವುದಕ್ಕೆ.

ಕೇಳಿಸಿಕೊಳ್ಳದೆ ಹೇಳಹೊರಟರೆ ಏನಾಗುತ್ತದೆ ಎಂದು ತಿಳಿಯಲು ಭಾರತದ್ದೇ ಪೋಲಿಯೊ ಅಭಿಯಾನ ಒಳ್ಳೆಯ ಪಾಠ. ಎರಡು ಹನಿಯ ಟಿವಿ ಜಾಹೀರಾತು, ಅಮಿತಾಭ್ ಬಚ್ಚನ್‌ರ ಗದರುವ ದನಿ ದೇಶಕ್ಕೆಲ್ಲ ಗೊತ್ತು. ಆದರೂ ಪಶ್ಚಿಮ ಉತ್ತರ ಪ್ರದೇಶದ ಕೆಲವು ಮೊಹಲ್ಲಾಗಳಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಹನಿ ಹಾಕಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಗುಲ್ಲು ಅಲ್ಲಿ ಹಬ್ಬಿತ್ತು. ಯುನಿಸೆಫ್ ಮತ್ತಿತರರು ಕಟ್ಟಿದ ಜಾಲ ಆಗ ದಾರಿ ಬದಲಿಸಿತು. ಅದೇ ಓಣಿಯ ಹೆಣ್ಣುಮಕ್ಕಳು ಮನೆಮನೆಯ ಪಟ್ಟಿ ಮಾಡಿದರು, ಬೇಡ ಎಂದ ಮನೆಗೆ ಮತ್ತೆ ಮತ್ತೆ ಹೋದರು. ಇಮಾಮರು ಮಸೀದಿಯಿಂದ ಹೇಳಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಕೈಜೋಡಿಸಿದವು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂತು. ಮಾತೊಂದೇ ಈ ಕೆಲಸ ಮಾಡಲಿಲ್ಲ; 2010ರಲ್ಲಿ ಬಂದ ಹೊಸ ಲಸಿಕೆಯ ಪಾಲು ದೊಡ್ಡದು. ಆದರೆ ಬಾಗಿಲೇ ತೆರೆಯದಿದ್ದರೆ ಎಂಥ ಲಸಿಕೆ ಬಂದು ಏನು?

ಇಷ್ಟು ಹೇಳಿದ ಮೇಲೂ ಒಂದು ಆತಂಕ ಉಳಿಯುತ್ತದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅಲ್ಲಿ ಒಬ್ಬ ವರದಿಗಾರನಿಗೆ 4.6 ಮಂದಿ ಸಾರ್ವಜನಿಕ ಸಂಪರ್ಕದ (ಪಿಆರ್) ನೌಕರರಿದ್ದರು. ಹತ್ತು ವರ್ಷದ ಹಿಂದೆ ಅದು 3.2 ಇತ್ತು. ಪಿಆರ್ ನೌಕರನ ವಾರ್ಷಿಕ ಗಳಿಕೆ 55 ಸಾವಿರ ಡಾಲರ್ ಹತ್ತಿರವಿದ್ದರೆ ವರದಿಗಾರನದು 36 ಸಾವಿರವೂ ಇರಲಿಲ್ಲ. ಒಂದೇ ಕಟ್ಟಡದಲ್ಲಿ, ಒಂದೇ ಶುಲ್ಕ ಕಟ್ಟಿ ಎರಡು ದಾರಿ ಕಂಡ ಹತ್ತೊಂಬತ್ತರ ಹುಡುಗಿ, ಅದೂ ಸಾಲ ಮಾಡಿ ಓದುತ್ತಿರುವವಳು, ಯಾವ ಬಾಗಿಲಿಗೆ ಹೋಗುತ್ತಾಳೆ ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಇಂಥ ಆಕರ್ಷಣೆಯನ್ನು ನೆನೆದೇ ಪುಲಿಟ್ಜರ್ ಗೋಡೆ ಕಟ್ಟಲು ಹೇಳಿದ್ದ ಎನ್ನಬಹುದು. ಆದರೆ ಗೋಡೆ ಕಟ್ಟಿದ್ದರಿಂದ ಸಂಬಳದ ಅಂತರ ಕಡಿಮೆಯಾಗಲಿಲ್ಲ. ಗೋಡೆಯ ಆಚೆ ಏನು ನಡೆಯುತ್ತದೆ ಎಂಬುದನ್ನೇ ತಿಳಿಯದ ವರದಿಗಾರ ಪ್ರೆಸ್ ನೋಟಿನ ಒಳಗಿನ ಉದ್ದೇಶವನ್ನು ಹೇಗೆ ಓದಿಯಾನು? ಬ್ರೀಫ್ ಹೇಗೆ ತಯಾರಾಗುತ್ತದೆ ಎಂದು ಒಂದು ಸೆಮಿಸ್ಟರ್ ಕೂತು ನೋಡಿದವನಿಗೆ, ಹೇಳಿಕೆಯೊಂದರಲ್ಲಿ ಏನನ್ನು ಬಿಟ್ಟಿದ್ದಾರೆ ಎಂಬುದು ಬೇಗ ಕಾಣುತ್ತದೆ. ಒಂದೇ ಸೂರಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೇ.

ಸಂಸ್ಥೆಯ ಹಿತವೂ ಸತ್ಯವೂ ಎದುರುಬದುರಾದಾಗ ಪಾಠ ಹೇಳುವ ಸಂಸ್ಥೆಯೇ ಎಡವಿದ ಉದಾಹರಣೆ ಮಿಸೌರಿಯಲ್ಲಿದೆ. 1939ರಲ್ಲಿ ‘ಕನ್ಸಾಸ್ ಸಿಟಿ ಕಾಲ್’ ಪತ್ರಿಕೆಯ ಪತ್ರಕರ್ತೆ ಲೂಸಿಲ್ ಬ್ಲೂಫರ್ಡ್ ಅಲ್ಲಿ ಪತ್ರಿಕೋದ್ಯಮದ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದರು. ಅಂಕಪಟ್ಟಿ ನೋಡಿ ಪ್ರವೇಶ ಕೊಟ್ಟವರು, ಎದುರಿಗೆ ಬಂದವರು ಕಪ್ಪುಜನಾಂಗದವರು ಎಂದು ಕಂಡೊಡನೆ ಬಾಗಿಲು ಹಾಕಿದರು. ಅವರು ಮತ್ತೆ ಮತ್ತೆ ಅರ್ಜಿ ಹಾಕಿದರು, ಕೋರ್ಟಿಗೂ ಹೋದರು. 1941ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಿಂದ ತೀರ್ಪು ಬಂದ ಮೇಲೆ ವಿಶ್ವವಿದ್ಯಾಲಯ ಆ ಸ್ನಾತಕೋತ್ತರ ತರಗತಿಯನ್ನೇ ಮುಚ್ಚಿತು. ಯುದ್ಧದಿಂದಾಗಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಡಿಮೆಯಾಗಿದ್ದಾರೆ ಎಂಬುದು ಹೊರಗೆ ಕೊಟ್ಟ ಕಾರಣ. ಪತ್ರಕರ್ತರ ಪ್ರತಿಜ್ಞೆ ಹುಟ್ಟಿದ ಜಾಗದಿಂದಲೇ ಹೊರಟ ಹೇಳಿಕೆ ಅದು. 1989ರಲ್ಲಿ ಅದೇ ವಿಶ್ವವಿದ್ಯಾಲಯ ಬ್ಲೂಫರ್ಡ್‌ಗೆ ಗೌರವ ಡಾಕ್ಟರೇಟ್ ನೀಡಿತು. ಮಿಸೌರಿಯಲ್ಲಿ ಬಿಕ್ಕಟ್ಟಿನ ಸಂವಹನ ಕಲಿಯುವವರಿಗೆ ಕೇಸ್ ಸ್ಟಡಿ ಹುಡುಕಿಕೊಂಡು ದೂರ ಹೋಗುವ ಅಗತ್ಯವಿಲ್ಲ.

2015ರ ನವೆಂಬರಿನಲ್ಲಿ ಇನ್ನೊಂದು ಘಟನೆ. ವರ್ಣಭೇದದ ವಿರುದ್ಧ ವಿದ್ಯಾರ್ಥಿಗಳು ನಡೆಸಿದ ಚಳವಳಿಗೆ ಮಣಿದು ವಿಶ್ವವಿದ್ಯಾಲಯ ವ್ಯವಸ್ಥೆಯ ಅಧ್ಯಕ್ಷರು ರಾಜೀನಾಮೆ ಕೊಟ್ಟ ದಿನ, ಕ್ಯಾಂಪಸ್ಸಿನ ಹುಲ್ಲುಹಾಸಿನಲ್ಲಿ ಫೋಟೊ ತೆಗೆಯಲು ಬಂದ ವಿದ್ಯಾರ್ಥಿ ಪತ್ರಕರ್ತರನ್ನು ಚಳವಳಿಗಾರರೇ ತಡೆದರು. ಅವರ ಜೊತೆ ನಿಂತು ಕ್ಯಾಮೆರಾ ಹಿಡಿದವನನ್ನು ಹೊರಗಟ್ಟಲು ಜನ ಕರೆದವರು ಸಂವಹನ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ಆ ವಿಭಾಗ ಪತ್ರಿಕೋದ್ಯಮ ಶಾಲೆಯಿಂದ ಬೇರೆ, ಆದರೆ ವಿಡಿಯೊ ನೋಡಿದ ಜಗತ್ತಿಗೆ ಆ ವ್ಯತ್ಯಾಸ ಬೇಕಿರಲಿಲ್ಲ. ಮರುದಿನವೇ ಚಳವಳಿಗಾರರು ಮಾಧ್ಯಮದವರನ್ನು ಸ್ವಾಗತಿಸುವ ಚೀಟಿ ಹಂಚಿದರು. ಪ್ರಾಧ್ಯಾಪಕಿ ಕೆಲವೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಚಳವಳಿಯ ಮಾತನ್ನು ಅಂಕೆಯಲ್ಲಿಡುವ ಹಂಬಲ, ಸಾರ್ವಜನಿಕ ಜಾಗದಲ್ಲಿ ಸುದ್ದಿ ಮಾಡುವ ಹಕ್ಕು ಎರಡೂ ಅಂದು ಹುಲ್ಲಿನ ಮೇಲೆ ಮುಖಾಮುಖಿಯಾಗಿದ್ದವು.

ಮಿಸೌರಿಗೂ ಕರ್ನಾಟಕಕ್ಕೂ ನೇರವಾದ ನಂಟೊಂದಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ವಿಭಾಗ ಶುರುಮಾಡಿದ ಪ್ರೊ. ನಾಡಿಗ ಕೃಷ್ಣಮೂರ್ತಿ ಓದಿ ಬಂದದ್ದು ಮಿಸೌರಿಯಲ್ಲೇ. ಅದಕ್ಕೂ ಮೊದಲು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ 1941ರಲ್ಲಿ ಇಂಥ ವಿಭಾಗ ತೆರೆದಿತ್ತು. ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ 1952ರಲ್ಲಿ. ದೇಶದಲ್ಲೇ ಇಂಥ ವಿಭಾಗ ಬೆರಳೆಣಿಕೆಯಷ್ಟಿದ್ದಾಗ ಮೈಸೂರು ಪಟ್ಟಿಯ ಮೇಲ್ಭಾಗದಲ್ಲಿತ್ತು. ಅಶೋಕನ ಕಾಲದಿಂದ ನೆಹರೂ ಕಾಲದವರೆಗೆ ಭಾರತದ ಪತ್ರಿಕೋದ್ಯಮದ ಇತಿಹಾಸವನ್ನು ಹಿಡಿದಿಟ್ಟ ಅವರ ಇಂಗ್ಲಿಷ್ ಗ್ರಂಥವನ್ನು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 1966ರಲ್ಲಿ ಪ್ರಕಟಿಸಿತು. ಕನ್ನಡದ ಸುದ್ದಿಮನೆಗಳಿಗೆ ಮೈಸೂರಿನಿಂದ ಬಂದವರ ಸಾಲು ದೊಡ್ಡದು.

ಮಿಸೌರಿಯಿಂದ ಪಠ್ಯ ಬಂತು, ಊರಿಗೆ ಮಾರುವ ಪತ್ರಿಕೆ ಮಾತ್ರ ಬರಲಿಲ್ಲ. ಇಂದು ಕರ್ನಾಟಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗಗಳಿವೆ. ಆದರೆ ಅವುಗಳ ಪ್ರಾಯೋಗಿಕ ಪತ್ರಿಕೆ ಸಾಮಾನ್ಯವಾಗಿ ಕ್ಯಾಂಪಸ್ಸಿನ ಗೇಟು ದಾಟುವುದಿಲ್ಲ. ನಗರಪಾಲಿಕೆಯ ಸಭೆಗೆ ವಾರವಾರ ವಿದ್ಯಾರ್ಥಿ ವರದಿಗಾರರನ್ನು ಕಳಿಸಿ, ಅವರು ಬರೆದದ್ದನ್ನು ಊರು ಓದುವಂತೆ ಮಾಡುವುದಕ್ಕೆ ಕೋಟಿಗಟ್ಟಲೆ ಹಣ ಬೇಡ. ಬಂದ ತಕರಾರನ್ನು ಎದುರಿಸುವ ಎದೆಗಾರಿಕೆ ಇರುವ ಕುಲಪತಿ ಬೇಕು, ಅಷ್ಟೇ. ಸಾರ್ವಜನಿಕ ಸಂಪರ್ಕ ಮತ್ತು ಜಾಹೀರಾತಿನ ಪಾಠಗಳೂ ಪಠ್ಯಕ್ರಮದಲ್ಲಿವೆ. ಆದರೆ ನಿಜವಾದ ಕ್ಲೈಂಟಿನ ಎದುರು ನಿಂತು ಪಿಚ್ ಮಾಡುವ ಅವಕಾಶ ಎಷ್ಟು ವಿದ್ಯಾರ್ಥಿಗಳಿಗೆ ಸಿಗುತ್ತದೆ ಎಂದು ಕೇಳಿದರೆ ಅಧ್ಯಾಪಕರೇ ಪೆಚ್ಚುನಗೆ ನಗುತ್ತಾರೆ.

ಎರಡು ಕೋಣೆಗಳ ನಡುವಿನ ಬಾಗಿಲನ್ನು ಕದ್ದು ತೆರೆದಾಗ ಏನಾಗುತ್ತದೆ ಎಂಬುದನ್ನು ಭಾರತ ಕಂಡಿದೆ. 2009ರ ಚುನಾವಣೆಗಳಲ್ಲಿ ಅಭ್ಯರ್ಥಿಗಳ ಪ್ರಚಾರ ದುಡ್ಡಿನ ಬಲದಿಂದ ಸುದ್ದಿಯ ವೇಷದಲ್ಲಿ ಅಚ್ಚಾದದ್ದನ್ನು ಪತ್ರಕರ್ತ ಪಿ. ಸಾಯಿನಾಥ್ ಬಯಲಿಗೆಳೆದರು. ಪತ್ರಿಕಾ ಮಂಡಳಿ ನೇಮಿಸಿದ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಅವರ ಉಪಸಮಿತಿ ದೀರ್ಘ ವರದಿ ಕೊಟ್ಟಿತು. ಮಂಡಳಿ 2010ರಲ್ಲಿ ಮೊದಲಿಗೆ ಹೊರಗೆ ಬಿಟ್ಟದ್ದು ಅದರ ಮೊಟಕು ರೂಪವನ್ನು ಮಾತ್ರ. ಜಾಹೀರಾತು ಎಂದು ಮೇಲೆ ಬರೆದಿದ್ದರೆ ಅದು ಅಪರಾಧವಾಗುತ್ತಿರಲಿಲ್ಲ. ಕಾಸು ಕೊಟ್ಟು ಮಾತಾಡಿಸುವುದಲ್ಲ, ಯಾರ ಪರವಾಗಿ ಮಾತು ಎಂಬುದನ್ನು ಮುಚ್ಚಿಟ್ಟದ್ದೇ ಇಲ್ಲಿನ ಮೋಸ. ಎರಡೂ ವಿದ್ಯೆಯನ್ನು ಒಂದೇ ಕಡೆ ಕಲಿಸುವ ವಿಶ್ವವಿದ್ಯಾಲಯ ಮೊದಲ ಸೆಮಿಸ್ಟರಿನಲ್ಲೇ, ಕ್ಯಾಮೆರಾ ಕೈಗೆ ಕೊಡುವ ಮುಂಚೆ, ಇದನ್ನು ಕಲಿಸಬೇಕು.

ಕನ್ನಡದ ವಿದ್ಯಾರ್ಥಿಗೆ ಇದರಲ್ಲಿ ಕೆಲಸವೂ ಇದೆ. ಬೆಂಗಳೂರಿನ ಆಸ್ಪತ್ರೆ, ಬ್ಯಾಂಕು, ಸ್ಟಾರ್ಟಪ್, ಸ್ವಯಂಸೇವಾ ಸಂಸ್ಥೆಗಳ ಪ್ರಚಾರವೆಲ್ಲ ಇಂಗ್ಲಿಷಿನಲ್ಲಿ ಹುಟ್ಟಿ, ಕಡೇ ಗಳಿಗೆಯಲ್ಲಿ ಕನ್ನಡಕ್ಕೆ ತರ್ಜುಮೆಯಾಗುವುದೇ ಹೆಚ್ಚು. ಮಾತ್ರೆಯನ್ನು ‘ನುಂಗಬಹುದಾದ ಪರಿಹಾರ’ ಎನ್ನುವ ಧಾಟಿಯ ಕನ್ನಡ ಪ್ರೆಸ್ ನೋಟುಗಳು ಪತ್ರಿಕಾ ಕಚೇರಿಯ ಇಮೇಲಿಗೆ ದಿನಾ ಬೀಳುತ್ತವೆ. ರಾಯಚೂರಿನ ರೈತನಿಗೆ, ಕಾರವಾರದ ಮೀನುಗಾರ ಹೆಂಗಸಿಗೆ ಬೆಳೆ ವಿಮೆಯನ್ನೋ ಆರೋಗ್ಯ ಕಾರ್ಡನ್ನೋ ಅವರವರ ಕನ್ನಡದಲ್ಲಿ ಹೇಳುವುದು ಹೇಗೆ ಎಂದು ಮೊದಲು ಅವರ ಮಾತು ಕೇಳಿ ಯೋಜನೆ ಕಟ್ಟುವ ಪಾಠಕ್ಕೆ ಕನ್ನಡದಲ್ಲಿ ಇನ್ನೂ ಗಟ್ಟಿಯಾದ ಪಠ್ಯಪುಸ್ತಕ ಬರಬೇಕಿದೆ. ಅಲ್ಲಿಯವರೆಗೆ ಆ ಪ್ರೆಸ್ ನೋಟುಗಳನ್ನು ಹರಿದು ಹೊಲಿದು ಓದುವ ಹಾಗೆ ಮಾಡುತ್ತಿರುವವರು, ಈ ವಿದ್ಯೆಯ ಪದವಿಯನ್ನೇ ಪಡೆಯದ ಡೆಸ್ಕಿನ ಉಪಸಂಪಾದಕರು.